ಹೊರಸಿನ ಪಕ್ಕ ಕೂತವರು

ಶಹಾಪುರಕ್ಕೆ ಹೊಸಬರು ಯಾರೇ ಬರಲಿ, ನಾವು ಮೊದಲು ಕೈಮಾಡಿ ತೋರಿಸುವುದು ಬುದ್ಧ ಮಲಗಿದ ಬೆಟ್ಟವನ್ನು. ಬಂಡೆಗಳ ಸಾಲು ಒಂದು ಕಡೆಯಿಂದ ನೋಡಿದಾಗ ಹಣೆ, ಮೂಗು, ಎದೆ, ಪಾದಗಳಾಗಿ ಕೂಡಿಕೊಂಡು ಅಂಗಾತ ಮಲಗಿದ ದೊಡ್ಡದೊಂದು ದೇಹವಾಗಿಬಿಡುತ್ತದೆ. ಎರಡು ಬೇಸಿಗೆಯ ಹಿಂದೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ನಾನೂ ಎರಡು ತಿಂಗಳು ಹಾಗೇ ಅಂಗಾತ ಬಿದ್ದಿದ್ದೆ. ನಮ್ಮ ಮನೆಗಳಲ್ಲಿ ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ 'ಇಯಾದತ್' ಅನ್ನುತ್ತೇವೆ. ಇಯಾದತ್ತಿಗೆ ಬಂದ ಪಕ್ಕದ ಮನೆಯ ಹಿರಿಯರೊಬ್ಬರು, "ಏನ್ರಿ ಸಾಹೇಬ್ರ, ಬುದ್ಧನ ಜೋಡಿ ಪೈಪೋಟಿ ನಡಸೀರೇನು?" ಎಂದು ನಗಿಸಿದ್ದರು. ಆ ಮಾತನ್ನು ಹಿಡಿದುಕೊಂಡೇ, ಎದ್ದು ಕೂರುವಂತಾದ ಮೇಲೆ ಒಂದು ಕಥೆ ಬರೆದೆ. ಕಥೆ ಅಚ್ಚಾಯಿತು, ಓದಿದವರು ಮೆಚ್ಚಿ ಫೋನು ಮಾಡಿದರು.

ಓದಿ ಸುಮ್ಮನಿದ್ದವಳು ನನ್ನ ಅಕ್ಕ ಒಬ್ಬಳೇ. ವಾರದ ನಂತರ ಕೇಳಿದಳು: "ಇಸ್ಮೆ ಅಮ್ಮಾ ಕಾಂ ಹೈ ರೇ?" ಇದರಲ್ಲಿ ಅಮ್ಮ ಎಲ್ಲಿದ್ದಾಳೋ?

ಕಥೆಯಲ್ಲಿ ಕಿಟಕಿ ಇತ್ತು, ಬೆಟ್ಟ ಇತ್ತು, ನೋವು ಇತ್ತು, ಮಧ್ಯಾಹ್ನದ ಕರೆಂಟು ಹೋದಾಗಿನ ಮೌನ ಇತ್ತು. ದಿನಕ್ಕೆ ನಾಲ್ಕು ಸಲ ನನ್ನನ್ನು ಮಗ್ಗುಲಾಗಿಸಿದ, ಜೋಳದ ನುಚ್ಚನ್ನು ಆರಿಸಿ ಬಾಯಿಗಿಟ್ಟ, ನನ್ನ ಮೈ ಒರೆಸಿ ನನ್ನ ನಾಚಿಕೆಯನ್ನು ತಾನು ಕಾಣದವಳಂತೆ ಇದ್ದ ಅಮ್ಮ ಮಾತ್ರ ಇರಲಿಲ್ಲ. ಈ ಬರಹಕ್ಕೆ ಕಾರಣ ಅಕ್ಕನ ಆ ಪ್ರಶ್ನೆ. ಅದು ನನ್ನೊಬ್ಬನ ಕಥೆಗೆ ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ ಎಂದು ಆಮೇಲೆ ಅನಿಸುತ್ತ ಹೋಯಿತು.

ಕಾಯಿಲೆ ಬಿದ್ದ ಕಲಾವಿದನ ಬಗ್ಗೆ ನಮಗೆ ಒಂದು ಸಿದ್ಧ ಕಥೆಯಿದೆ. ದೇಹ ಮುರಿಯಿತು, ಮನಸ್ಸು ಮುರಿಯಲಿಲ್ಲ, ಹಾಸಿಗೆಯಿಂದಲೇ ಮೇರುಕೃತಿ ಹುಟ್ಟಿತು. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಮೆಕ್ಸಿಕೋದ ಫ್ರಿಡಾ ಕಾಹ್ಲೋಳನ್ನೇ ನೋಡಿ. 1925ರ ಬಸ್ ಅಪಘಾತದಲ್ಲಿ ಬೆನ್ನೆಲುಬು, ಸೊಂಟ, ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದ ಹುಡುಗಿ ಚಿತ್ರಕಾರ್ತಿಯಾದಳು ಎಂಬುದು ಎಲ್ಲರಿಗೂ ಗೊತ್ತು. ಮಲಗಿದಲ್ಲೇ ಬರೆಯಲು ಅನುಕೂಲವಾಗುವಂಥ ಚೌಕಟ್ಟನ್ನು ಮಾಡಿಸಿಕೊಟ್ಟವಳು ತಾಯಿ, ಬಣ್ಣ ಕೊಟ್ಟವನು ತಂದೆ, ಮಂಚದ ಮೇಲ್ಗಡೆ ಕನ್ನಡಿ ಕಟ್ಟಿದ್ದರಿಂದಲೇ ಅವಳಿಗೆ ತನ್ನ ಮುಖವೇ ವಸ್ತುವಾಗಿ ಸಿಕ್ಕಿತು ಎಂಬುದನ್ನು ನಾವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಆ ಒಂದು ಸಾಲಿನಲ್ಲೇ ಮನೆಯಿದೆ.

ಫ್ರಾನ್ಸಿನ ಮಾತೀಸ್‌ನದು ಇನ್ನೂ ಸ್ಪಷ್ಟವಾದ ಉದಾಹರಣೆ. 1941ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಬಹಳ ಹೊತ್ತು ನಿಂತು ಚಿತ್ರ ಬರೆಯುವುದು ಆತನಿಗೆ ಆಗದಾಯಿತು. ಕತ್ತರಿ ಹಿಡಿದ. ಸಹಾಯಕಿಯರು ಕಾಗದಕ್ಕೆ ಬಣ್ಣ ಬಳಿದುಕೊಡುತ್ತಿದ್ದರು, ಆತ ಕತ್ತರಿಸುತ್ತಿದ್ದ, ಆತ ಹೇಳಿದ ಕಡೆ ಅವರು ಗೋಡೆಗೆ ಚುಚ್ಚುತ್ತಿದ್ದರು. ಅವನ ಶುಶ್ರೂಷೆಗೆಂದು ಬಂದ ಮೋನಿಕ್ ಬೂರ್ಜ್ವಾ ಎಂಬ ತರುಣಿ ಮುಂದೆ ಕ್ರೈಸ್ತ ಸನ್ಯಾಸಿನಿಯಾದಳು. ವಾನ್ಸ್ ಎಂಬ ಊರಿನಲ್ಲಿ ಮಾತೀಸ್ ರೂಪಿಸಿದ, 1951ರಲ್ಲಿ ಮುಗಿದ ಪ್ರಾರ್ಥನಾಮಂದಿರದ ಹಿಂದೆ ಇರುವುದು ಆ ಸ್ನೇಹ. ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದ ಮುದುಕನೊಬ್ಬ ತನ್ನನ್ನು ನೋಡಿಕೊಂಡವಳಿಗಾಗಿ ಒಂದು ಗುಡಿಯನ್ನೇ ಕಟ್ಟಿದ ಎಂದರೆ ಋಣ ತೀರಿಸುವ ಕ್ರಮ ಅದು. ನಮ್ಮ ದೇಶದ ಬಿನೋದ್ ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಪೂರ್ತಿ ಕುರುಡರಾದ ಮೇಲೂ ಕಾಗದ ಕತ್ತರಿಸಿ, ಮಣ್ಣು ಮಿದ್ದು ಕೆಲಸ ಮಾಡಿದರು. ಸತ್ಯಜಿತ್ ರಾಯ್ 1972ರಲ್ಲಿ ಅವರ ಬಗ್ಗೆ ಮಾಡಿದ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ನನಗೆ ಇಷ್ಟವಾಗುವುದು ಅದರ ಹೆಸರಿಗಾಗಿ ಅಲ್ಲ. ಕುರುಡ ಕಲಾವಿದನ ಒಂದು ದಿನವನ್ನು, ಕೈ ತಡಕುವುದನ್ನು ಅದು ಅವಸರವಿಲ್ಲದೆ ನೋಡುತ್ತದೆ ಎಂಬುದಕ್ಕಾಗಿ.

ದೂರದವರನ್ನು ಬಿಟ್ಟು ನಮ್ಮ ನೆಲಕ್ಕೆ ಬರೋಣ. ಸುರಪುರದಲ್ಲಿ ಗುಡ್ಡದ ಮೇಲೊಂದು ಬಂಗಲೆ ಇದೆ. ಟೇಲರ್ ಮಂಜಿಲ್. 1844ರಲ್ಲಿ ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ವಯಸ್ಸಿನಲ್ಲಿ ಮುಂಬಯಿಗೆ ಗುಮಾಸ್ತಿಕೆಗೆ ಬಂದು, ಅದು ಕೈಗೂಡದೆ ನಿಜಾಮರ ಸೇನೆ ಸೇರಿದವನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಶಹಾಪುರದ ಪಕ್ಕದ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು, ರಾಜನಕೋಳೂರಿನ ಕಲ್ಲುಮನೆಗಳನ್ನು ಹೊರಜಗತ್ತಿಗೆ ಪರಿಚಯಿಸಿದವನು. ಚಿತ್ರ ಬರೆಯುತ್ತಿದ್ದ, ಕಾದಂಬರಿ ಬರೆಯುತ್ತಿದ್ದ. 1839ರ 'ಕನ್ಫೆಶನ್ಸ್ ಆಫ್ ಎ ಥಗ್' ಅವನಿಗೆ ದೊಡ್ಡ ಹೆಸರು ತಂದಿತು. ನಮ್ಮ ಊರುಗಳಲ್ಲಿ ಈತನನ್ನು ನೆನೆಯುವುದು ಆಡಳಿತಗಾರನಾಗಿ, ರಾಜಾ ವೆಂಕಟಪ್ಪ ನಾಯಕರು 'ಅಪ್ಪಾ' ಎಂದು ಕರೆಯುತ್ತಿದ್ದ ಸಾಹೇಬನಾಗಿ. ನಾನು ಮಲಗಿದ್ದಾಗ ಓದಿದ್ದು ಅವನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್'. ಎದ್ದ ಮೇಲೆ ಎರಡನೆಯ ಸಲ ಓದಿದೆ. ಎರಡು ಓದಿನಲ್ಲಿ ಎರಡು ಪುಸ್ತಕಗಳು ಸಿಕ್ಕವು.

ಮೊದಲ ಓದಿನಲ್ಲಿ ಸಿಕ್ಕಿದ್ದು ಕಾಯಿಲೆಯವನೊಬ್ಬನ ಪುಸ್ತಕ. ಟೇಲರ್‌ನ ಬರವಣಿಗೆಯ ಬದುಕಿನ ಬಹುಪಾಲು ಹುಟ್ಟಿದ್ದು ಆರೋಗ್ಯ ಕೆಟ್ಟ ಮೇಲೆ. 1860ರಲ್ಲಿ ಆತ ಸೋತ ದೇಹ ಹೊತ್ತು ಹಿಂದೂಸ್ತಾನ ಬಿಟ್ಟ. ಮುಂದೆ ಡಬ್ಲಿನ್ ಊರಿನ ಮಗ್ಗುಲಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ನೆಲೆಸಿದ. ಹಿಂದಿನ ಎರಡು ಕಾದಂಬರಿಗಳಿಗೂ ಮುಂದಿನವಕ್ಕೂ ನಡುವೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಆ ಅಂತರದ ತುಂಬ ಸುರಪುರವೂ ಕಚೇರಿಯೂ ಇದ್ದವು. ಚೇತರಿಸಿಕೊಂಡ ಮೇಲೆ ಒಂದರ ಹಿಂದೊಂದು ಬಂದವು: 1863ರಲ್ಲಿ 'ತಾರಾ', 1865ರಲ್ಲಿ 'ರಾಲ್ಫ್ ಡಾರ್ನೆಲ್', 1872ರಲ್ಲಿ 'ಸೀತಾ'. ಕ್ರಮವಾಗಿ 1657, 1757, 1857ರ ಕಾಲದ ಕಥೆಗಳು. ಚಾಂದಬೀಬಿಯ ಕಥೆಯಾದ 'ಎ ನೋಬಲ್ ಕ್ವೀನ್' ಅವನು ಸತ್ತ ಮೇಲೆ 1878ರಲ್ಲಿ ಪುಸ್ತಕವಾಯಿತು. ಬಿಜಾಪುರದ ಕಟ್ಟಡಗಳ ಬಗ್ಗೆ ಫರ್ಗುಸನ್ ಜೊತೆ ಬರೆದ ಗ್ರಂಥ 1866ರದು. ಅಂದರೆ ದಖನ್ನಿನ ಬಿಸಿಲು, ಜೋಳದ ಹೊಲ, ಬಿಜಾಪುರದ ಗುಮ್ಮಟಗಳು ಇವೆಲ್ಲ ಐರ್ಲೆಂಡಿನ ಮಳೆಯಲ್ಲಿ ಕೂತ ನಿವೃತ್ತನೊಬ್ಬನ ನೆನಪಿನಿಂದ ಎದ್ದು ಬಂದವು. ದೇಹ ಒಂದು ಮನೆಯಲ್ಲಿತ್ತು, ಮನಸ್ಸು ಇನ್ನೊಂದು ಮನೆಯಲ್ಲಿತ್ತು. ಹೊರಸಿನ ಮೇಲೆ ಮಲಗಿ ಆ ಪುಟಗಳನ್ನು ಓದುವಾಗ, ಆತ ನೆನೆಯುತ್ತಿದ್ದ ಬೆಟ್ಟಗಳು ನನ್ನ ಕಿಟಕಿಯ ಹೊರಗೇ ಇದ್ದುದರಿಂದ, ಈ ಮುದುಕ ನಮ್ಮವನೇ ಅನಿಸಿತ್ತು.

ಎರಡನೆಯ ಓದಿನಲ್ಲಿ ಅಕ್ಕನ ಪ್ರಶ್ನೆ ಜೊತೆಗಿತ್ತು. ಇದರಲ್ಲಿ ಯಾರು ಇಲ್ಲ?

ಟೇಲರ್‌ನ ಹೆಂಡತಿ ಮೇರಿ ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಫೈಜ್ ಬಖ್ಶ್ ಬೇಗಂ, ಮುಸ್ಲಿಂ ಮನೆತನದವಳು. ಎಂದರೆ ಈ ಇಂಗ್ಲಿಷ್ ಕಾದಂಬರಿಕಾರನ ಹೆಂಡತಿಯ ಅಜ್ಜಿ ಬೇಗಂ ಸಾಹೇಬಳು. ಅವನಿಗೆ ನಮ್ಮ ಭಾಷೆಗಳು, ನಮ್ಮ ಜನಾನಾದ ಒಳಗಿನ ಮಾತುಗಳು ಇಷ್ಟು ಚೆನ್ನಾಗಿ ತಿಳಿದದ್ದಕ್ಕೆ ದಂಡಿನ ಜೊತೆ ತಿರುಗಿದ್ದು ಒಂದು ಕಾರಣವಾದರೆ, ಈ ನಂಟೂ ಒಂದು ಕಾರಣವಾಗಿರಲೇಬೇಕು. ಕೆರೆ, ರಸ್ತೆ, ಕಂದಾಯ, ದರೋಡೆ, ದರ್ಬಾರುಗಳಿಗೆ ಧಾರಾಳವಾಗಿ ಪುಟ ಕೊಡುವ ಆತ್ಮಕಥೆ ಮೇರಿಯ ವಿಷಯದಲ್ಲಿ ಬಹಳ ಜುಗ್ಗ. 'ಸೀತಾ'ದಲ್ಲಿ ಇಂಗ್ಲಿಷ್ ಅಧಿಕಾರಿಗೂ ಹಿಂದೂ ವಿಧವೆಗೂ ಮದುವೆ ಮಾಡಿಸುವಷ್ಟು ಧೈರ್ಯವಿದ್ದ ಲೇಖಕ ತನ್ನದೇ ಮನೆಯ ಮಿಶ್ರ ರಕ್ತದ ಕಥೆಗೆ ಬಂದಾಗ ದನಿ ತಗ್ಗಿಸುತ್ತಾನೆ. ಕಲ್ಪನೆಯಲ್ಲಿ ಹೇಳಬಹುದಾದದ್ದನ್ನು ಬದುಕಿನಲ್ಲಿ ಹೇಳಲಾಗದ ಈ ಸಂಕೋಚವನ್ನು ನಾನು ಖಂಡಿಸುವ ಮೊದಲು ನನ್ನ ಕಥೆಯನ್ನೇ ನೆನೆಯಬೇಕಾಗುತ್ತದೆ.

ಮಗಳು ಆಲಿಸ್‌ಳದು ಇನ್ನೊಂದು ಬಗೆಯ ಗೈರುಹಾಜರಿ. 1875ರಲ್ಲಿ ಟೇಲರ್‌ನ ಕಣ್ಣು ಹೋಯಿತು. ಆ ವರ್ಷವೇ ಸಾಲಾರ್ ಜಂಗರ ಕರೆಯ ಮೇಲೆ ಹೈದರಾಬಾದಿಗೆ ಬಂದವನು ಜ್ವರ ಹತ್ತಿಸಿಕೊಂಡು, ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ 1876ರ ಮೇ 13ರಂದು ತೀರಿಕೊಂಡ. ಆತ್ಮಕಥೆ 1877ರಲ್ಲಿ ಬಂತು. ಸಂಪಾದಿಸಿದವಳು ಆಲಿಸ್, ಮುನ್ನುಡಿ ಸಂಬಂಧಿಕನಾದ ಹೆನ್ರಿ ರೀವ್‌ನದು. ಒಬ್ಬನ ಸಾವನ್ನು ಅವನ ಆತ್ಮಕಥೆಯಲ್ಲಿ ಹೇಳಬೇಕಾದರೆ ಇನ್ನೊಬ್ಬರ ಕೈ ಬೇಕೇಬೇಕು. ಆದರೂ ಮೊದಲ ಓದಿನಲ್ಲಿ ನನಗೆ ಆ ಕೈ ಕಂಡಿರಲಿಲ್ಲ. ಶೀರ್ಷಿಕೆಯಲ್ಲಿರುವ 'ನನ್ನ' ಎಂಬ ಶಬ್ದವನ್ನು ಅಷ್ಟು ಸಲೀಸಾಗಿ ನಂಬಿದ್ದೆ.

ಇನ್ನೊಂದು ಮಾತನ್ನೂ ಹೇಳಬೇಕು. ಟೇಲರ್ ಸುರಪುರವನ್ನು ಪ್ರೀತಿಸಿದ್ದು ನಿಜ. ಆದರೆ ಅದು ವೈದ್ಯ ರೋಗಿಯನ್ನು ಪ್ರೀತಿಸುವಂಥ ಪ್ರೀತಿ. ಸಂಸ್ಥಾನಕ್ಕೆ ಕಾಯಿಲೆಯಾಗಿದೆ, ನಾನು ಗುಣಪಡಿಸುತ್ತಿದ್ದೇನೆ ಎಂಬ ಧಾಟಿ ಪುಸ್ತಕದ ಉದ್ದಕ್ಕೂ ಇದೆ. ತಾನು ಕಣ್ಣಮುಂದೆ ಬೆಳೆಸಿದ ಹುಡುಗ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಶಿಕ್ಷೆಗೆಂದು ಸಾಗಿಸುವ ದಾರಿಯಲ್ಲಿ ಗುಂಡಿಗೆ ಜೀವ ಕಳೆದುಕೊಂಡಾಗ ಟೇಲರ್‌ನ ದುಃಖ ಸುಳ್ಳಲ್ಲ. ಆದರೆ ಅಪ್ಪನಂತೆ ಅಳುವ ಅವನು ಆಳುವವನಂತೆಯೇ ಯೋಚಿಸುತ್ತಾನೆ. ಹುಡುಗ ಕೆಟ್ಟವರ ಮಾತು ಕೇಳಿ ಹಾಳಾದ ಎನ್ನುತ್ತಾನೆಯೇ ಹೊರತು, ಅವನಿಗೂ ತನ್ನದೇ ಆದ ಕಾರಣ ಇದ್ದಿರಬಹುದು ಎಂಬಲ್ಲಿಗೆ ಹೋಗುವುದಿಲ್ಲ. ನೋಡಿಕೊಳ್ಳುವವರಿಗೆ ಅಧಿಕಾರ ಸೇರಿದರೆ ಶುಶ್ರೂಷೆ ಎಂಬುದು ಏನಾಗುತ್ತದೆ ಎಂಬುದಕ್ಕೆ ಈ ಪುಟಗಳು ಪಾಠ. ಅಮ್ಮನ ಶುಶ್ರೂಷೆಗೂ ಸಾಹೇಬನ ಶುಶ್ರೂಷೆಗೂ ಇರುವ ವ್ಯತ್ಯಾಸ ಇದೇ: ಒಬ್ಬಳದು ಎಲ್ಲೂ ದಾಖಲಾಗುವುದಿಲ್ಲ, ಇನ್ನೊಬ್ಬನದು ದಾಖಲೆಯಾಗಿಯೇ ಶುರುವಾಗುತ್ತದೆ.

ಹಾಗಾದರೆ ಕಾಯಿಲೆಯ ಬರಹ ಪ್ರಾಮಾಣಿಕವಾಗುವ ದಾರಿ ಯಾವುದು? ಉರ್ದು ಓದಿದವರಿಗೆ ಗಾಲಿಬನ ಕೊನೆಗಾಲದ ಪತ್ರಗಳು ನೆನಪಾಗುತ್ತವೆ. ಗಜಲುಗಳಲ್ಲಿ ಕಾಯಿಲೆ ಎಂದರೆ ಪ್ರೇಮದ ಕಾಯಿಲೆ. ಪತ್ರಗಳಲ್ಲಿ ಅದು ಹುಣ್ಣು, ಕೀವು, ಮಂಜಾದ ಕಣ್ಣು, ಕೇಳದ ಕಿವಿ. ಕಾವ್ಯದಲ್ಲಿ ಇಲ್ಲದ ದಿನಚರಿ ಪತ್ರದಲ್ಲಿದೆ, ಏಕೆಂದರೆ ಪತ್ರದ ಎದುರಿಗೆ ಗೆಳೆಯನೊಬ್ಬ ಇದ್ದಾನೆ. ಕನ್ನಡದಲ್ಲಿ ಯು. ಆರ್. ಅನಂತಮೂರ್ತಿಯವರು ಮೂತ್ರಪಿಂಡದ ಕಾಯಿಲೆಯಿಂದ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುತ್ತ ಕೊನೆಯವರೆಗೂ ಕೆಲಸ ಮಾಡಿದರು. 2014ರ ಆಗಸ್ಟ್‌ನಲ್ಲಿ ತೀರಿಕೊಳ್ಳುವ ಮುನ್ನ ಅವರು ಬರೆಯುತ್ತಿದ್ದ 'ಹಿಂದುತ್ವ ಅಥವಾ ಹಿಂದ್ ಸ್ವರಾಜ್' ಆಮೇಲೆ ಪ್ರಕಟವಾಯಿತು. ಅವರ ಆತ್ಮಕಥನ 'ಸುರಗಿ' 2012ರದು. ಅವರು ಹೇಳಿದ್ದನ್ನು ಬರೆದುಕೊಂಡು ರೂಪಕ್ಕೆ ತಂದವರು ಜ. ನಾ. ತೇಜಶ್ರೀ, ಮತ್ತು ಅದು ಪುಸ್ತಕದಲ್ಲಿ ಮುಚ್ಚಿಟ್ಟ ಸಂಗತಿಯಲ್ಲ. ಬರೆದುಕೊಂಡ ಕೈಯ ಹೆಸರು ಹೇಳುವುದು ಸಣ್ಣ ವಿಷಯದಂತೆ ಕಾಣುತ್ತದೆ. ಓದುವ ಕ್ರಮವನ್ನೇ ಅದು ಬದಲಿಸುತ್ತದೆ. ಹೇಳುವ ದನಿಯ ಜೊತೆಗೆ ಕೇಳುವ ಕಿವಿಯೂ ಪುಟದಲ್ಲಿ ಇರುತ್ತದೆ.

ನಮ್ಮ ಮುಸ್ಲಿಂ ಲೇಖಕರ ಕನ್ನಡ ಕಥೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಗಂಡಸರಾದ ನಾವು ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರ ಕಥೆಗಳಲ್ಲಿ ಮನೆ ಎಂದರೆ ಕೆಲಸ ನಡೆಯುವ ಜಾಗ. ಅಲ್ಲಿ ಬಸಿರು, ಬಾಣಂತನ, ಜ್ವರ, ದಣಿವು ಎಲ್ಲದಕ್ಕೂ ಒಬ್ಬರು ಏಳಬೇಕು, ಒಲೆ ಹಚ್ಚಬೇಕು. ನಮ್ಮ ಕಥೆಗಳಲ್ಲಿ ಮನೆ ಎಂದರೆ ಕಿಟಕಿ ಇರುವ ಜಾಗ. ನಾವು ಹೊರಗೆ ನೋಡುತ್ತ ಯೋಚಿಸುತ್ತೇವೆ, ಚಹಾ ತಾನಾಗಿ ಬರುತ್ತದೆ.

ಈ ಲೇಖನ ಬರೆಯುವ ಮೊದಲು ಅಮ್ಮನ ಬಳಿ ಕೂತು ಆ ಎರಡು ತಿಂಗಳು ಹೇಗಿತ್ತು ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಆಮೇಲೆ ಒಂದೊಂದಾಗಿ ಹೇಳಿದಳು. ನೀರು ಬರುವ ಹೊತ್ತಿಗೂ ನನ್ನ ಗುಳಿಗೆಯ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲವಂತೆ. ಇಯಾದತ್ತಿಗೆ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ತಿಂಗಳ ಸಕ್ಕರೆ ಹದಿನೈದು ದಿನಕ್ಕೇ ಮುಗಿದಿತ್ತಂತೆ. ರಾತ್ರಿ ನಾನು ನರಳಿದರೆ ಕೇಳಲೆಂದು ನೆಲದ ಮೇಲೆ ನನ್ನ ಹೊರಸಿನ ಪಕ್ಕದಲ್ಲೇ ಮಲಗುತ್ತಿದ್ದಳು, ಅದು ನನಗೆ ಗೊತ್ತಿತ್ತು. ಎದ್ದು ಕೂತು, ಕೂತು ಎದ್ದು ಮೊಣಕಾಲಿನ ನೋವು ಶುರುವಾದದ್ದು ಆಗಲೇ ಎಂಬುದು ಗೊತ್ತಿರಲಿಲ್ಲ. ಈಗ ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡುತ್ತಾಳೆ. "ವಯಸ್ಸಾತು" ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಅಚ್ಚಾದ ಕಥೆಯನ್ನು ವಾಪಸು ಪಡೆಯಲಾಗುವುದಿಲ್ಲ. ಮುಂದೆ ಸಂಕಲನವಾದಾಗ ಅದನ್ನು ತಿದ್ದಿ ಸೇರಿಸಬೇಕೆಂದಿದ್ದೇನೆ. ಬೆಟ್ಟ ಇದ್ದಲ್ಲೇ ಇರಲಿ. ಕಥೆ ಮಾತ್ರ ನಸುಕಿನಲ್ಲಿ ನೀರು ಹಿಡಿಯಲು ಎದ್ದವಳಿಂದ ಶುರುವಾಗಬೇಕು.