ಹೇಳಿ ಬಾರದ ಹೆರಿಗೆ

ಜೆನಿಫರ್ ವರ್ತ್ ಅವರ ‘ಕಾಲ್ ದ ಮಿಡ್‌ವೈಫ್’ ಪುಸ್ತಕವನ್ನು ಮೆಚ್ಚಿದವರು ಸಾಮಾನ್ಯವಾಗಿ ಅದರ ಪಾತ್ರಗಳನ್ನು ನೆನೆಯುತ್ತಾರೆ. ಸೈಕಲ್ ಹೊಡೆಯಲು ಒದ್ದಾಡುವ ಚಮ್ಮಿ, ಮುಪ್ಪಿನಲ್ಲಿ ಮನಸ್ಸು ಎಲ್ಲೆಲ್ಲೋ ಅಲೆಯುವ ಸಿಸ್ಟರ್ ಮೋನಿಕಾ ಜೋನ್, ಒರಟು ಮಾತಿನ ಸಿಸ್ಟರ್ ಇವಾಂಜಲೀನಾ. ನನಗೆ ಈ ಪುಸ್ತಕದಲ್ಲಿ ದೊಡ್ಡದಾಗಿ ಕಂಡದ್ದು ಕೆಲಸ. ಸೂಲಗಿತ್ತಿಯೊಬ್ಬಳ ದಿನ ಹೇಗೆ ಶುರುವಾಗಿ ಹೇಗೆ ಚೂರಾಗುತ್ತದೆ, ಚೂರಾದದ್ದನ್ನು ಅವಳು ಹೇಗೆ ನಿಭಾಯಿಸುತ್ತಾಳೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಬರವಣಿಗೆ ಅಪರೂಪ.

ಪುಸ್ತಕ ಹುಟ್ಟಿದ್ದೇ ಒಂದು ಕೊರತೆಯಿಂದ. 1998ರ ಜನವರಿಯಲ್ಲಿ ಟೆರಿ ಕೋಟ್ಸ್ ಎಂಬ ಸೂಲಗಿತ್ತಿ ತಮ್ಮ ವೃತ್ತಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಾಹಿತ್ಯದಲ್ಲಿ ವೈದ್ಯರಿದ್ದಾರೆ, ದನದ ಡಾಕ್ಟರೂ ಇದ್ದಾರೆ, ಸೂಲಗಿತ್ತಿ ಮಾತ್ರ ಇಲ್ಲ ಎಂಬುದು ಅವರ ದೂರು. ಅದನ್ನು ಓದಿದ ವರ್ತ್, 1950ರ ದಶಕದಲ್ಲಿ ಲಂಡನ್ನಿನ ಪಾಪ್ಲರ್‌ನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಜೊತೆ ಕಳೆದ ದಿನಗಳನ್ನು ಬರೆಯಲು ಕೂತರು. 2002ರಲ್ಲಿ ಪುಸ್ತಕ ಬಂತು. ಅದರಲ್ಲಿ ಆ ಸಂನ್ಯಾಸಿನಿಯರ ಮಠಕ್ಕೆ ‘ನೊನಾಟಸ್ ಹೌಸ್’ ಎಂದಿರುವುದು ಬದಲಿಸಿದ ಹೆಸರು. ಹಡಗುಕಟ್ಟೆಯ ಕೂಲಿಗಳ ಕೇರಿ, ಯುದ್ಧದ ಬಾಂಬಿಗೆ ಸಿಕ್ಕಿ ಅರ್ಧ ಉಳಿದ ಮನೆಗಳು, ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ. ಹೆರಿಗೆಗಳು ಹೆಚ್ಚಾಗಿ ಮನೆಯಲ್ಲೇ.

ತಿಂಗಳಿಗೆ 80ರಿಂದ 100 ಹೆರಿಗೆ ಆಗುತ್ತಿದ್ದವೆಂದು ವರ್ತ್ ಬರೆಯುತ್ತಾರೆ. ಗರ್ಭನಿರೋಧಕ ಗುಳಿಗೆ ಬಂದ ಮೇಲೆ, 1963ರ ಹೊತ್ತಿಗೆ, ಅದು ನಾಲ್ಕೈದಕ್ಕೆ ಇಳಿಯಿತಂತೆ. ಮೊದಲ ಲೆಕ್ಕವನ್ನು ಭಾಗಿಸಿದರೆ ದಿನಕ್ಕೆ ಮೂರು ಎನ್ನಬಹುದು. ಆದರೆ ನೋವು ಸರದಿ ಪ್ರಕಾರ ಬರುವುದಿಲ್ಲ. ಒಂದು ರಾತ್ರಿ ಒಂದೂ ಇಲ್ಲ, ಮಾರನೆಯ ರಾತ್ರಿ ಮೂರು ಬೀದಿಗಳಿಂದ ಒಟ್ಟಿಗೆ ಕರೆ. ರಾತ್ರಿಯೆಲ್ಲ ಎದ್ದಿದ್ದವಳಿಗೂ ಬೆಳಗಿನ ಮನೆಭೇಟಿ ತಪ್ಪುವುದಿಲ್ಲ. ಬಾಣಂತಿಯರ ಹಾಲು, ಹೊಲಿಗೆ, ಜ್ವರ ನೋಡಬೇಕು, ಮಗುವಿನ ಹೊಕ್ಕಳು ನೋಡಬೇಕು. ವಾಪಸ್ ಬಂದು ಸಾಮಾನು ಕುದಿಸಿ ಚೀಲ ತುಂಬಿಡಬೇಕು. ಈ ಒಣ ಕೆಲಸಗಳಿಗೆ ವರ್ತ್ ಧಾರಾಳವಾಗಿ ಜಾಗ ಕೊಡುತ್ತಾರೆ. ಅದೇ ಪುಸ್ತಕದ ಬೆನ್ನುಮೂಳೆ. ಸಿದ್ಧವಾಗಿಟ್ಟ ಚೀಲ ಇರುವುದರಿಂದಲೇ ನಡುರಾತ್ರಿಯ ಕರೆಗೆ ಓಗೊಡಲು ಆಗುತ್ತದೆ.

ಗರ್ಭಿಣಿಯರ ತಪಾಸಣೆಯ ದಿನದ ಅಧ್ಯಾಯವನ್ನೇ ನೋಡಿ. ಚರ್ಚಿಗೆ ಸೇರಿದ ಹಳೆಯ ಸಭಾಂಗಣ, ಬಸುರಿಯರ ಗುಂಪು, ಕಾಲಡಿ ಓಡಾಡುವ ಮಕ್ಕಳು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ ನೋಡುವ ಕಾಲ ಅದು. ಬಿಳಿ ಮಬ್ಬು ಕಟ್ಟಿದರೆ ಆಲ್ಬುಮಿನ್ ಇದೆ ಎಂದರ್ಥ. ಬಿ.ಪಿ. ಏರಿ ಆಲ್ಬುಮಿನ್ನೂ ಕಂಡರೆ ಬಸುರಿಯ ನಂಜಿನ ಗುಮಾನಿ. ಇದಾದ ಸ್ವಲ್ಪಕ್ಕೇ ಬರುವ ‘ಎಕ್ಲಾಂಪ್ಸಿಯಾ’ ಅಧ್ಯಾಯದಲ್ಲಿ ಮಾರ್ಗರೆಟ್ ಎಂಬ ಹೆಂಗಸು ಇದೇ ನಂಜು ಏರಿ ಫಿಟ್ಸ್ ಬಂದು ಉಳಿಯದೆ ಹೋಗುತ್ತಾಳೆ. ಓದುವವರಿಗೆ ಆಗ ಆ ಗಾಜಿನ ನಳಿಗೆಯ ಬೆಲೆ ತಿಳಿಯುತ್ತದೆ. ಗದ್ದಲದ ಮಧ್ಯಾಹ್ನದಲ್ಲಿ ಒಬ್ಬೊಬ್ಬರ ಮೂತ್ರವನ್ನೂ ಬೇಸರವಿಲ್ಲದೆ ಕಾಯಿಸಿ ನೋಡುವುದೇ ಸೂಲಗಿತ್ತಿ ಮಾಡಬಹುದಾದ ಅತಿ ದೊಡ್ಡ ಉಪಕಾರ ಎಂದು ಲೇಖಕಿ ಎಲ್ಲೂ ಬೋಧಿಸುವುದಿಲ್ಲ. ಅಧ್ಯಾಯಗಳನ್ನು ಜೋಡಿಸಿದ ರೀತಿಯೇ ಅದನ್ನು ಹೇಳುತ್ತದೆ.

ಇನ್ನೊಂದು ಶ್ರೇಷ್ಠ ಭಾಗ ಕ್ರಿಸ್‌ಮಸ್ ದಿನದ ಹೆರಿಗೆ. ಮನೆ ತುಂಬ ನೆಂಟರು, ದಿನ ತುಂಬುವ ಮುಂಚೆಯೇ ನೋವು, ಮಗು ತಲೆ ಮೇಲಾಗಿ ಕೂತಿದೆ. ಕುಂಡಿ ಮೊದಲು ಬರುವ ಇಂಥ ಹೆರಿಗೆಯಲ್ಲಿ ಗಾಬರಿಯಿಂದ ಎಳೆಯುವುದೇ ದೊಡ್ಡ ಅಪಾಯ. ಎಳೆದರೆ ಮಗುವಿನ ತಲೆ ಹಿಂದಕ್ಕೆ ವಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಮೈ ಹೊರಬಂದ ಮೇಲೆ ಮಗುವನ್ನು ಅದರ ಭಾರಕ್ಕೇ ಇಳಿಬಿಟ್ಟು, ಕತ್ತಿನ ಹಿಂಭಾಗದ ಕೂದಲಿನ ಅಂಚು ಕಾಣುವ ತನಕ ಕಾಯಬೇಕು. ಅಷ್ಟು ಹೊತ್ತು ಕೈ ತಡೆದು ನಿಲ್ಲುವುದು ಎಂಥ ಕಷ್ಟ! ಮಠದ ಸಿಸ್ಟರ್ ಬರ್ನಡೆಟ್ ಪಕ್ಕದಲ್ಲಿರುವ ಆ ಪುಟಗಳನ್ನು ಉಸಿರು ಬಿಗಿಹಿಡಿದು ಓದಿದೆ. ಅವಸರದ ದಿನವೊಂದರ ಮಧ್ಯೆ ಅವಸರವನ್ನು ಕೈಬಿಡಬೇಕಾದ ಗಳಿಗೆ ಅದು, ಮತ್ತು ಈ ವೃತ್ತಿಯ ವಿದ್ಯೆ ಇರುವುದೇ ಅಲ್ಲಿ.

ಕೆಲಸ ಬಿಟ್ಟು ಕಥೆಯ ಹಿಂದೆ ಹೋದಾಗ ವರ್ತ್ ಅವರ ಕೈ ಸಡಿಲವಾಗುತ್ತದೆ. ಐರ್ಲೆಂಡಿನ ಹುಡುಗಿ ಮೇರಿ ಕೇಬಲ್ ಸ್ಟ್ರೀಟಿನ ವೇಶ್ಯಾಗೃಹಕ್ಕೆ ಬೀಳುವ ಪ್ರಸಂಗ ಅಧ್ಯಾಯಗಟ್ಟಲೆ ಬೆಳೆಯುತ್ತದೆ. ಲೇಖಕಿ ಕಣ್ಣಾರೆ ನೋಡಿರಲು ಸಾಧ್ಯವಿಲ್ಲದ ಕೋಣೆಗಳೊಳಗಿನ ಮಾತುಗಳೂ ಅಲ್ಲಿ ಬರುತ್ತವೆ. ಮರುಕ ನಿಜವಾದದ್ದೇ. ಆದರೆ ನಳಿಗೆಯ ಬಿಳಿ ಮಬ್ಬನ್ನು ಅಷ್ಟು ಖಚಿತವಾಗಿ ಬರೆದವರು ಇಲ್ಲಿ ಅಗ್ಗದ ಕಾದಂಬರಿಯ ದಾರಿ ಹಿಡಿದರಲ್ಲ ಎನಿಸುತ್ತದೆ.

ಕೊಂಚಿತಾ ವಾರನ್ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿ. ಸ್ಪೇನಿನವಳು, ಇಂಗ್ಲಿಷ್ ಬಾರದು, 25 ಮಕ್ಕಳ ತಾಯಿ. ಗಂಡನಿಗೆ ಅವಳ ಭಾಷೆ ಬಾರದು. ಇದೇ ಇವರ ಸುಖದ ಗುಟ್ಟು ಎಂಬ ಧಾಟಿಯಲ್ಲಿ ವರ್ತ್ ಬರೆಯುತ್ತಾರೆ. ಇಷ್ಟು ಸಲ ಹೆತ್ತ ಮೈ ಏನೆನ್ನುತ್ತಿತ್ತು ಎಂದು ಆ ಹೆಂಗಸನ್ನು ಯಾರೂ ಕೇಳಲಿಲ್ಲ, ಪುಸ್ತಕವೂ ಕೇಳುವುದಿಲ್ಲ. ಆದರೂ ಅದೇ ಕೊಂಚಿತಾಳ ಅವಧಿಗೆ ಮುಂಚಿನ ಹೆರಿಗೆಯ ಪುಟಗಳು ಮರೆಯುವಂಥವಲ್ಲ. ಲಂಡನ್ನಿನ ದಟ್ಟ ಹೊಗೆಮಂಜು, ದಾರಿ ಕಾಣದ ವಾಹನಗಳು, ಅಂಗೈಯಷ್ಟು ಕೂಸು. ಮಗುವನ್ನು ಆಸ್ಪತ್ರೆಗೆ ಕೊಡಲೊಪ್ಪದೆ ಆಕೆ ಎದೆಯ ನಡುವೆ ಇಟ್ಟುಕೊಂಡು ಉಳಿಸಿಕೊಳ್ಳುತ್ತಾಳೆ. ಇದನ್ನು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದ ವೈದ್ಯರು ಪದ್ಧತಿಯಾಗಿ ರೂಪಿಸಿದರು. ಕಾಂಗರೂ ಆರೈಕೆಯೆಂಬ ಹೆಸರಿನಲ್ಲಿ ಅದು ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಿಗೂ ಬಂದಿದೆ. ಮಾತಿಲ್ಲದ ಕೊಂಚಿತಾಳ ಮೈ ಇಲ್ಲಿ ಮಾತಾಡಿತು. ಅಚ್ಚರಿಪಟ್ಟು ಅದನ್ನು ದಾಖಲಿಸುವಷ್ಟು ಪ್ರಾಮಾಣಿಕತೆ ಲೇಖಕಿಗಿತ್ತು.

2012ರಲ್ಲಿ ಶುರುವಾದ ಬಿಬಿಸಿ ಧಾರಾವಾಹಿ ಹೆಚ್ಚಾಗಿ ಕಥೆಗಳನ್ನೇ ಆರಿಸಿಕೊಂಡಿತು. ಹೈಡಿ ಥಾಮಸ್ ಅವರ ಬರವಣಿಗೆಯಲ್ಲಿ ಬಡವರ ಬಗ್ಗೆ ನಿಜವಾದ ಗೌರವವಿದೆ, ಹೆರಿಗೆಯ ನೋವನ್ನು ಮುಚ್ಚಿಡದ ಧೈರ್ಯವಿದೆ. ಆದರೆ ಗಂಟೆಯೊಳಗೆ ಎರಡು ಮೂರು ಕಥೆ ಮುಗಿಯಬೇಕಾದ್ದರಿಂದ ಕಾಯುವುದೇ ಮಾಯವಾಗುತ್ತದೆ. ಮಗು ಅತ್ತ ಕೂಡಲೇ ದೃಶ್ಯ ಬದಲಾಗುತ್ತದೆ. ಸೂಲಗಿತ್ತಿಗೆ ಭಯ ಮುಗಿಯುವುದು ಆಮೇಲೆ. ಮಾಸು ಪೂರ್ತಿ ಬಿತ್ತೇ, ಚೂರು ಒಳಗೆ ಉಳಿಯಿತೇ, ರಕ್ತ ನಿಂತಿತೇ ಎಂದು ನೋಡಿದ ಮೇಲೆ. ವರ್ತ್ ಆ ಹೊತ್ತನ್ನು ಬಿಡದೆ ಬರೆದಿದ್ದಾರೆ.

ಟೆರಿ ಕೋಟ್ಸ್ ಅವರ ದೂರು ಕನ್ನಡಕ್ಕೂ ಒಪ್ಪುತ್ತದೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ ಬರೆದು ಎಷ್ಟೋ ಮನೆಗಳಿಗೆ ನೆರವಾದರು. ಅದು ಡಾಕ್ಟರು ತಾಯಂದಿರಿಗೆ ಹೇಳಿದ ಮಾತು. ಹೆರಿಗೆ ಮಾಡಿಸಿದವಳೇ ತನ್ನ ದಿನವನ್ನು ಬರೆದ ಪುಸ್ತಕ ನಮಗೆ ಬೇಕು. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಓದುಬರಹ ಕಲಿತವರಲ್ಲ. ಅವರ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆರಿಗೆಗಳ ಸಂಖ್ಯೆ ಇದೆ, ಸನ್ಮಾನಗಳಿವೆ. ಹೊಟ್ಟೆ ಮುಟ್ಟಿ ಅವರು ಏನನ್ನು ತಿಳಿಯುತ್ತಿದ್ದರು, ಯಾವಾಗ ಇದು ನನ್ನ ಕೈಲಾಗದು ಎಂದು ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು ಎಂಬುದು ಬಹಳ ಕಡಿಮೆ.

ಈಗ ಲೇಬರ್ ರೂಮಿನಲ್ಲಿರುವ ಸಿಸ್ಟರನ್ನು ಬರೆಯಿರಿ ಎಂದು ಕೇಳುವುದು ಸುಲಭವಲ್ಲ. ಇಬ್ಬರಿಗೆ ಒಟ್ಟಿಗೆ ನೋವು, ಮೂರನೆಯವಳನ್ನು 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಬೇಕು, ಅಷ್ಟರಲ್ಲೇ ಕೇಸ್ ಶೀಟು, ತಾಯಿ ಕಾರ್ಡು ಎಲ್ಲ ತುಂಬಬೇಕು. ಮೇಲಾಗಿ ಬಾಣಂತಿಯೊಬ್ಬಳು ತೀರಿಕೊಂಡರೆ ವಿಚಾರಣೆ ನಡೆಯುತ್ತದೆ, ಸೇವೆಯಲ್ಲಿರುವವರು ಬಾಯಿ ಬಿಡಲು ಹೆದರುತ್ತಾರೆ. ವರ್ತ್ ಅವರಿಗೆ ಮಾರ್ಗರೆಟ್ ಸಾವನ್ನು ಬರೆಯಲು ಸಾಧ್ಯವಾದದ್ದು ನಾಲ್ಕು ದಶಕ ಕಳೆದ ಮೇಲೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆಗಳು ಆಸ್ಪತ್ರೆಯತ್ತ ಹೊರಳುವ ಮುಂಚೆ, ಲಾಟೀನಿನ ಬೆಳಕಲ್ಲಿ ಹಳ್ಳಿ ಮನೆಗಳಲ್ಲಿ ಹೆರಿಗೆ ಮಾಡಿಸಿದ ಎಎನ್‌ಎಂ ಸಿಸ್ಟರುಗಳಲ್ಲಿ ಅನೇಕರು ಈಗ ನಿವೃತ್ತರು. ಎರಡೂ ಕಾಲ ಕಂಡವರು, ಇನ್ನು ಮೇಲಧಿಕಾರಿಗಳ ಅಂಜಿಕೆಯಿಲ್ಲದವರು. ಟೇಪ್ ರೆಕಾರ್ಡರ್ ಹಿಡಿದು ಅವರ ಮನೆಗೆ ಹೋಗಬೇಕಾದವರು ನಮ್ಮ ಪತ್ರಕರ್ತರು, ಕಥೆಗಾರರು. ಹೋದಾಗ ಎಷ್ಟು ಹೆರಿಗೆ ಮಾಡಿಸಿದಿರಿ ಎಂಬ ಪ್ರಶ್ನೆಯನ್ನು ಕೊನೆಗಿಟ್ಟು, ಕಳೆದುಕೊಂಡ ಬಾಣಂತಿಯ ಬಗ್ಗೆ ಮೊದಲು ಕೇಳಲಿ.