ಮಂಪರಿನ ಮದ್ದು ಮತ್ತು ಅಭಯದಾನ

ಕಳಸದ ತೋಟಗಳ ಕಡೆ ನಾಯಿಯನ್ನು ಪಶುವೈದ್ಯರಲ್ಲಿಗೆ ಒಯ್ಯುವುದೆಂದರೆ ಅದರ ಮೂತಿಗೆ ಹಗ್ಗ ಬಿಗಿದು, ಕಾಲು ಹಿಡಿದು, ಜೀಪಿಗೆ ಎತ್ತಿಹಾಕುವುದೆಂದೇ ರೂಢಿ. ಕೊಟ್ಟಿಗೆಹಾರದ ತಿರುವುಗಳನ್ನು ದಾಟಿ ಮೂಡಿಗೆರೆ ಮುಟ್ಟುವಷ್ಟರಲ್ಲಿ ಅದು ಜೊಲ್ಲು ಸುರಿಸುತ್ತ ನಡುಗುತ್ತಿರುತ್ತದೆ. ಹೊರಡುವ ಮುನ್ನ ಭಯ ತಗ್ಗಿಸುವ ಔಷಧ ಕೊಡಬಹುದೆಂದು ವೈದ್ಯರು ಸೂಚಿಸಿದರೆ, ನಮ್ಮ ಶ್ರಾವಕ ಬಂಧುಗಳಲ್ಲಿ ಕೆಲವರು “ಮೂಕಪ್ರಾಣಿಗೆ ಮತ್ತು ಬರಿಸುವುದು ಹಿಂಸೆಯಲ್ಲವೇ?” ಎಂದು ಹಿಂಜರಿಯುತ್ತಾರೆ. ಈ ಆಕ್ಷೇಪವನ್ನು ವಿಮರ್ಶಿಸಬೇಕಾಗಿದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿರುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಕಟ್ಟಿಹಾಕುವುದು. ಮದ್ದನ್ನು ಹಿಂಸೆಯೆನ್ನುವವರು ಹಗ್ಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವ್ಯಾಪಾರಿಯಾದ ನನಗೆ ಇದು ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಖಾತೆಯಂತೆ ಕಾಣುತ್ತದೆ. ಪಶುವಿಗೆ ಔಷಧ ಕೊಡುವುದು ನಮಗೆ ಹೊಸದೂ ಅಲ್ಲ. ಜೈನನಾದ ಕೀರ್ತಿವರ್ಮನು ಚಾಳುಕ್ಯರ ಕಾಲದಲ್ಲಿಯೇ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು.

ಹಾಗೆಂದು ಮದ್ದಿನ ಪರವಾದಿಗಳ ಮಾತೂ ಪೂರ್ಣವಲ್ಲ. ಅಸೆಪ್ರೊಮಾಜಿನ್ ಎಂಬ ಹಳೆಯ ಔಷಧವನ್ನು ಒಂಟಿಯಾಗಿ ಕೊಟ್ಟರೆ ದೇಹ ಜಡವಾಗುತ್ತದೆ, ಒಳಗಿನ ಹೆದರಿಕೆ ಹಾಗೆಯೇ ಉಳಿಯಬಹುದು. ಪ್ರಾಣಿ ಅಲುಗಾಡದೆ ಬಿದ್ದಿರುತ್ತದೆ, ನಾವು ಶಾಂತವಾಯಿತೆಂದು ಸಮಾಧಾನಪಡುತ್ತೇವೆ. ಇಲ್ಲಿ ಅನುಕೂಲವಾದದ್ದು ನಮಗೆ, ಅದಕ್ಕಲ್ಲ. ಗ್ಯಾಬಪೆಂಟಿನ್, ಟ್ರಜೊಡೋನ್‌ಗಳನ್ನು ಆತಂಕವನ್ನೇ ತಗ್ಗಿಸಲೆಂದು ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲು ಕೊಡುತ್ತಾರೆ. ಬೆಕ್ಕುಗಳಿಗೆ ಪ್ರಯಾಣದಲ್ಲಿಯೂ ವೈದ್ಯರ ಬಳಿಯಲ್ಲಿಯೂ ಆಗುವ ಭಯಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಪ್ರಿಗಬಾಲಿನ್ ದ್ರಾವಣವನ್ನು ಅನುಮೋದಿಸಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಎರಡು ಇಂಥ ಒಂದೇ ಗುಳಿಗೆಯಲ್ಲಿ ಕೂಡಿವೆ. ಅಭಯವಿಲ್ಲದ ಭೈಷಜ್ಯವನ್ನು ದಾನವೆನ್ನಲು ನನ್ನ ಮನಸ್ಸು ಒಪ್ಪದು.

ಇನ್ನೊಂದು ಎಚ್ಚರಿಕೆ. ಮನುಷ್ಯರಿಗೆಂದು ತಯಾರಿಸಿದ ಗ್ಯಾಬಪೆಂಟಿನ್ ದ್ರವದಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಬೆರೆಸಿರುವುದುಂಟು. ಅದು ನಾಯಿಗೆ ವಿಷ. ಮನೆಯಲ್ಲಿದ್ದ ಅಂಥದೊಂದು ಸೀಸೆಯನ್ನು ನಾನೇ ಒಮ್ಮೆ ಕೈಗೆತ್ತಿಕೊಂಡಿದ್ದೆ, ಮಗಳು ತಡೆದಳು. ಸದುದ್ದೇಶವಿದ್ದರೂ ಪ್ರಮಾದ ಪ್ರಮಾದವೇ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು; ಹೃದಯ, ಮೂತ್ರಪಿಂಡಗಳ ತೊಂದರೆಯಿದ್ದರೆ ಮುಂಚೆಯೇ ಅವರಿಗೆ ತಿಳಿಸಬೇಕು.

ಜೀವದಯಾ ನಿಧಿಯಿಂದ ಲಸಿಕಾ ಶಿಬಿರ ನಡೆಸುವ ಬಸದಿ ಟ್ರಸ್ಟುಗಳು ವೈದ್ಯರನ್ನೇ ತೋಟದ ಲೈನ್‌ಮನೆಗಳ ಬಳಿಗೆ ಕರೆತಂದರೆ ಎಷ್ಟೋ ನಾಯಿಗಳಿಗೆ ಗುಳಿಗೆಯೂ ಬೇಡ, ಜೀಪೂ ಬೇಡ. ನಮ್ಮ ಮನೆಯ ನಾಯಿಗೆ ಮೂರು ವಾರ ನಿಂತ ಜೀಪಿನಲ್ಲಿಯೇ ಅನ್ನವಿಟ್ಟೆವು. ಈ ಸಲ ಅದು ತಾನಾಗಿಯೇ ಹತ್ತಿತು. ವೈದ್ಯರು ಮೊದಲಿನ ಅರ್ಧ ಪ್ರಮಾಣವನ್ನಷ್ಟೇ ಕೊಡಿಸಿದರು.